ಮಂದೆಯಲ್ಲಿ ತೋಳದ ಪಾಲು

ಸತ್ತ ಕುರಿಯ ಕುತ್ತಿಗೆ ನೋಡಿದರೆ ಕೊಂದದ್ದು ಯಾವುದೆಂದು ಬಹುಮಟ್ಟಿಗೆ ಹೇಳಬಹುದು. ಚಿರತೆಯಾದರೆ ಗಂಟಲಲ್ಲೋ ಹೆಡಕಿನಲ್ಲೋ ಕೋರೆಹಲ್ಲು ಇಳಿದ ತೂತುಗಳಿರುತ್ತವೆ. ಚರ್ಮ ಸುಲಿದರೆ ಒಳಗೆ ರಕ್ತ ಕಪ್ಪಾಗಿ ಹೆಪ್ಪುಗಟ್ಟಿರುತ್ತದೆ, ಭುಜದ ಮೇಲೆ ಉಗುರಿನ ಗೀರು ಕಾಣುತ್ತದೆ. ಕೊಂದ ಜಾಗದಲ್ಲೇ ಅದು ತಿನ್ನುವುದು ಕಡಿಮೆ. ಬಂಡೆ ಸಂದಿಗೋ ಲಂಟಾನದ ಪೊದೆಗೋ ಎಳೆದುಕೊಂಡು ಹೋಗುತ್ತದೆ, ಎಳೆದ ಗುರುತು ನೆಲದ ಮೇಲೆ ಉಳಿಯುತ್ತದೆ. ತೋಳದ ರೀತಿ ಬೇರೆ. ಮಂದೆಯ ಅಂಚಿನಲ್ಲಿ ಹಿಂದೆ ಬಿದ್ದ ಒಂದನ್ನು, ಹೆಚ್ಚಾಗಿ ಮರಿಯನ್ನು, ಕಚ್ಚಿಕೊಂಡು ಓಟ ಕೀಳುತ್ತದೆ. ಕಾಯುವವನು ಕೂಗಿ ಕೋಲೆತ್ತುವಷ್ಟರಲ್ಲಿ ಹೊಲದಾಚೆ ದಾಟಿರುತ್ತದೆ. ಆಮೇಲೆ ಹುಡುಕಿದರೆ ಸಿಗುವುದು ಒಂದಿಷ್ಟು ಉಣ್ಣೆ, ಒಂದು ಗೊರಸು, ಅಷ್ಟೆ. ನಾಯಿಗಳು ನುಗ್ಗಿದ ದೊಡ್ಡಿಯನ್ನು ನೋಡಲಿಕ್ಕೇ ಆಗುವುದಿಲ್ಲ. ಹಿಂಗಾಲು, ಬಾಲ, ಕಿವಿ, ಕೆಚ್ಚಲು, ಸಿಕ್ಕ ಕಡೆಯೆಲ್ಲ ಹರಿದಿರುತ್ತವೆ. ಒಂದೇ ರಾತ್ರಿಗೆ ಹತ್ತಾರು ಕುರಿ ಬಿದ್ದಿರುತ್ತವೆ, ತಿಂದದ್ದು ಒಂದನ್ನೋ ಎರಡನ್ನೋ. ಮುಚ್ಚಿದ ದೊಡ್ಡಿಯೊಳಗೆ ಇಳಿದ ಚಿರತೆಯೂ ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಕೊಲ್ಲುತ್ತದೆ. ಆದರೆ ಅದರ ಕಚ್ಚು ಅಚ್ಚುಕಟ್ಟು, ನಾಯಿಯ ಕಚ್ಚಿನೊಂದಿಗೆ ಬೆರೆಯುವಂಥದ್ದಲ್ಲ.

ಪಶು ಆಸ್ಪತ್ರೆಯಲ್ಲಿ ಪರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಮ್ಮ ಕಡೆ ಚುಚ್ಚುಮದ್ದು ಹಾಕುವವರೆಲ್ಲ ಡಾಕ್ಟ್ರೇ, ಆದ್ದರಿಂದ ನನ್ನನ್ನೂ ಹಾಗೆಯೇ ಕರೆದರು. ಮರಣೋತ್ತರ ಪರೀಕ್ಷೆ ಮಾಡಿ ಸಹಿ ಹಾಕುವುದು ವೈದ್ಯಾಧಿಕಾರಿಗಳ ಕೆಲಸ. ಕತ್ತಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದುದು ನಾನು. ಕೂತಲ್ಲಿ ಕುರಿಯವರ ಮುಖ ಎದುರಿಗೇ ಇರುತ್ತಿತ್ತು. ಅವರು ಬೈಯುವುದು, ಅಳುವುದು, ಸುಮ್ಮನಿರುವುದು ಎಲ್ಲವನ್ನೂ ನೋಡಿದ್ದೇನೆ. ನಾನೂ ಅವರ ಪೈಕಿಯವನೇ. ಕೋಲಾರ ತಾಲೂಕಿನ ವೇಮಗಲ್ ಹೋಬಳಿಯ ಕುರುಬರ ಮನೆಯಲ್ಲಿ ಹುಟ್ಟಿದವನು. ನಮ್ಮ ತಾತ ಕೊನೆಯವರೆಗೂ ಕಂಬಳಿ ಬಿಡಲಿಲ್ಲ. ನಮ್ಮಪ್ಪ ಅರ್ಧ ಕುರಿ, ಅರ್ಧ ರಾಗಿ ಹೊಲ. ನಾನು ಇಲಾಖೆಗೆ ಸೇರಿದೆ. ನನ್ನ ತಮ್ಮನ ಮಗ ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಈ ನಾಲ್ಕು ವಾಕ್ಯದಲ್ಲಿ ನಮ್ಮ ಸೀಮೆಯ ಕಥೆ ಇದೆ, ತೋಳದ ಕಥೆಯೂ ಇದೆ.

ಪೇಟೆಯ ಓದುಗರಲ್ಲಿ ಎರಡು ಬಗೆಯ ತಿಳಿವಳಿಕೆ ಇದೆ. ಕುರಿ ಕಾಯುವವರಿಗೆ ಕಾಡುಪ್ರಾಣಿ ಕಂಡರಾಗದು, ಸಿಕ್ಕಿದರೆ ಹೊಡೆದು ಹಾಕುತ್ತಾರೆ ಎಂಬುದು ಒಂದು. ಅವರು ಪ್ರಕೃತಿಯ ಮಕ್ಕಳು, ಹುಲಿ ತೋಳಗಳನ್ನು ದೇವರೆಂದು ಕೈಮುಗಿಯುತ್ತಾರೆ ಎಂಬುದು ಇನ್ನೊಂದು. ನಾನು ಕಂಡ ಕುರಿಯವರು ಇವೆರಡರಲ್ಲೂ ಸೇರುವುದಿಲ್ಲ. ಅವರದು ಲೆಕ್ಕಾಚಾರದ ಸಹನೆ. ಆ ಸಹನೆಗೆ ಕೆಲವು ಆಧಾರಗಳಿದ್ದವು: ಮೇಯಲು ಬಯಲು, ರಾತ್ರಿ ಮಂದೆಯ ಪಕ್ಕ ಮಲಗುವ ಆಳು, ಒಳ್ಳೆಯ ನಾಯಿ, ಜಾಲಿ ಮುಳ್ಳಿನ ಬೇಲಿ. ಈ ಆಧಾರಗಳು ಒಂದೊಂದಾಗಿ ಕಳಚಿದ ಕಡೆ ಸಹನೆಯೂ ಕಳಚುತ್ತದೆ. ನಾನು ಹೇಳಬೇಕೆಂದಿರುವುದು ಇದಿಷ್ಟೇ. ಉಳಿದದ್ದು ಇದನ್ನು ಬಿಡಿಸಿ ತೋರಿಸುವ ಪ್ರಯತ್ನ.

ನಮ್ಮ ತಾತನ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಮಂದೆ ಊರಲ್ಲಿ ಇರುತ್ತಿರಲಿಲ್ಲ. ರಾಗಿ, ಹುರುಳಿ ಕೊಯ್ದ ಹೊಲಗಳಲ್ಲಿ ಕೂಳೆ ಮೇಯಿಸುತ್ತ, ಹೊಲದವರು ಕರೆದ ಕಡೆ ರಾತ್ರಿ ಮಂದೆ ತರುಬುತ್ತ ಹೋಗುತ್ತಿದ್ದರು. ಕುರಿಯ ಹಿಕ್ಕೆ, ಗಂಜಲ ಬಿದ್ದ ಹೊಲಕ್ಕೆ ಮುಂದಿನ ಮಳೆಗಾಲದಲ್ಲಿ ಬೇರೆ ಗೊಬ್ಬರ ಬೇಡ. ಬದಲಿಗೆ ಹೊಲದವರು ರಾಗಿಯನ್ನೋ ದುಡ್ಡನ್ನೋ ಕೊಡುತ್ತಿದ್ದರು. ಹಾಗೆ ಬಯಲಲ್ಲಿ ಮಂದೆ ತರುಬಿದ ರಾತ್ರಿಗಳಲ್ಲಿ ತೋಳ ಬರುತ್ತಿತ್ತು. ಅದು ಬರುವ ಉಪಾಯವನ್ನು ತಾತ ವಿವರಿಸುತ್ತಿದ್ದರು. ಒಂದು ತೋಳ ಒಂದು ಮಗ್ಗುಲಲ್ಲಿ ಬೇಕೆಂದೇ ಕಾಣಿಸಿಕೊಳ್ಳುತ್ತದೆ. ನಾಯಿಗಳು, ಆಳುಗಳು ಆ ಕಡೆ ಓಡುತ್ತಾರೆ. ಇನ್ನೊಂದು ಮಗ್ಗುಲಿಂದ ಮತ್ತೊಂದು ತೋಳ ಬಂದು ಎತ್ತಿಕೊಂಡು ಹೋಗುತ್ತದೆ. ಆದ್ದರಿಂದ ಎಲ್ಲರೂ ಒಂದೇ ಕಡೆ ಓಡಬಾರದು, ಒಬ್ಬ ಅಲ್ಲೇ ನಿಲ್ಲಬೇಕು. ಎಳೆ ಮರಿಗಳನ್ನು ಕುಕ್ಕೆಯ ಕೆಳಗೆ ಕವುಚಿ ಮಧ್ಯದಲ್ಲಿಡಬೇಕು. ಟಗರುಗಳು ಹೊರಸುತ್ತಿನಲ್ಲಿರಬೇಕು. ಬೆಂಕಿ ಆರಬಾರದು.

ಇಷ್ಟೆಲ್ಲ ಮಾಡಿದ ಮೇಲೂ ವರ್ಷಕ್ಕೆ ಒಂದೆರಡು ಮರಿ ಹೋಗುತ್ತಿದ್ದವು. ತಾತ ಅದನ್ನು ತೋಳದ ಪಾಲು ಎನ್ನುತ್ತಿದ್ದರು. "ಅದಕ್ಕೂ ಹೊಟ್ಟೆ ಐತಲ್ಲಪ್ಪಾ, ಅದೇನ್ ರಾಗಿ ಬೆಳೀತದಾ?" ಎಂದು ಕೇಳಿದ್ದು ನನಗೆ ನೆನಪಿದೆ. ಮಹಾರಾಷ್ಟ್ರದ ಧನಗರರಲ್ಲೂ ಮಂದೆಯಲ್ಲಿ ತೋಳಕ್ಕೆ ಪಾಲಿದೆ ಎಂಬ ಮಾತು ಇದೆ. ಇದು ಬರೀ ಧರ್ಮದ ಮಾತಲ್ಲ. ಕುರಿ ಸಾಕುವವನಿಗೆ ಸಾವು ದಿನನಿತ್ಯದ್ದು. ನೀಲಿ ನಾಲಿಗೆ, ಕರುಳು ಬೇನೆ, ಪಿಪಿಆರ್, ಸಿಡುಬು ಇವುಗಳಲ್ಲಿ ಒಂದು ಮಂದೆಗೆ ಹೊಕ್ಕಿತೆಂದರೆ ವಾರದಲ್ಲಿ ಅರ್ಧ ಮಂದೆ ಮಲಗುತ್ತದೆ. ನನ್ನ ಕೆಲಸದ ಅವಧಿಯಲ್ಲಿ ರೋಗಕ್ಕೆ ಬಿದ್ದ ಕುರಿಗಳ ಮುಂದೆ ತೋಳ, ಚಿರತೆ ಹಿಡಿದವು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅದನ್ನು ಕುರಿಯವನು ನನಗಿಂತ ಮೊದಲೇ ಬಲ್ಲ. ತೋಳ ಹೆಚ್ಚಾಗಿ ಹಿಡಿಯುವುದು ಹಿಂದೆ ಬಿದ್ದದ್ದನ್ನು, ಕುಂಟುವುದನ್ನು, ಕಾವಲು ಸಾಲದ ಮರಿಯನ್ನು ಎಂಬುದೂ ಅವನಿಗೆ ಗೊತ್ತು. ಎಷ್ಟೋ ಸಲ ಮರಿ ಹೋದದ್ದಕ್ಕೆ ತೋಳಕ್ಕಿಂತ ಹೆಚ್ಚು ಬೈಗುಳ ತಿಂದದ್ದು ನಿದ್ದೆ ಮಾಡಿದ ಹುಡುಗ.

ಹಾಗೆಂದು ಅವರನ್ನು ಸಾಧುಗಳೆನ್ನಲಾರೆ. ಚಳಿಗಾಲದಲ್ಲಿ ತೋಳ ಮರಿ ಹಾಕುತ್ತದೆ. ಹಳ್ಳದ ದಂಡೆಯಲ್ಲೋ ಮಣ್ಣು ಕೊರೆದ ದಿಬ್ಬದಲ್ಲೋ ಬಿಲ ಇರುತ್ತದೆ. ಮರಿ ಇರುವ ತೋಳ ಹೆಚ್ಚು ಬೇಟೆಯಾಡುತ್ತದೆ. ಆಗ ಬಿಲ ಹುಡುಕಿ ಹೊಗೆ ಹಾಕುತ್ತಿದ್ದರು, ಅಗೆದು ಮರಿಗಳನ್ನು ಸಾಯಿಸುತ್ತಿದ್ದರು. ದಖ್ಖನಿನ ಉದ್ದಕ್ಕೂ ಈ ಪದ್ಧತಿ ಇತ್ತು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಕಷ್ಟಕ್ಕೆ ಸಿಕ್ಕವನ ಮೇಲೆ ಎಲ್ಲರೂ ಬೀಳುತ್ತಾರೆ ಎನ್ನಲು ಇಂದು ಅದನ್ನು ಬಳಸುತ್ತೇವೆ, ಆದರೆ ಅದರ ಹಿಂದೆ ನಿಜವಾದ ಹಳ್ಳ, ನಿಜವಾದ ಕಲ್ಲು ಇದ್ದವು. ಪಾಲು ಕೊಡುವುದೂ ಕಲ್ಲು ಬೀರುವುದೂ ಒಂದೇ ಮನೆಯಲ್ಲಿ ನಡೆಯುತ್ತಿತ್ತು. ಆದರೂ ತೋಳ ಉಳಿದಿತ್ತು. ಕೋಲು, ಕಲ್ಲು, ಹೊಗೆಯಿಂದ ಒಂದು ಜಾತಿಯ ಪ್ರಾಣಿಯನ್ನೇ ತೆಗೆದುಹಾಕಲು ಆಗುವುದಿಲ್ಲ. ಅದಕ್ಕೆ ಬಯಲನ್ನೇ ತೆಗೆಯಬೇಕು, ಇಲ್ಲವೇ ವಿಷ ಬೇಕು.

ತೋಳದ ಬಗ್ಗೆ ಒಂದೆರಡು ಮಾತು ಇಲ್ಲಿ ಹೇಳಲೇಬೇಕು, ಏಕೆಂದರೆ ನಮ್ಮ ಮಕ್ಕಳಿಗೆ ಹುಲಿ, ಆನೆ ಗೊತ್ತು, ತೋಳ ಗೊತ್ತಿಲ್ಲ. ಭಾರತದ ತೋಳ ಸುಮಾರು ಇಪ್ಪತ್ತು ಕಿಲೋ ತೂಗುವ, ಬೂದು ಕಂದು ಬಣ್ಣದ, ಉದ್ದ ಕಾಲಿನ ತೆಳು ಪ್ರಾಣಿ. ಹಿಮದ ನಾಡಿನ ತೋಳಗಳಂತೆ ದಪ್ಪ ತುಪ್ಪಳವಿಲ್ಲ, ದೊಡ್ಡ ಗುಂಪೂ ಇಲ್ಲ. ಗಂಡು ಹೆಣ್ಣು ಜೋಡಿ ಮತ್ತು ಬೆಳೆದ ಮರಿಗಳು ಸೇರಿದರೆ ಒಂದು ಸಂಸಾರ. ದಟ್ಟ ಕಾಡು ಅದಕ್ಕೆ ಬೇಡ. ಹುಲ್ಲು ಬಯಲು, ಕುರುಚಲು, ಬೀಳು ಹೊಲ ಬೇಕು. ಅದರ ಮೂಲ ಆಹಾರ ಕೃಷ್ಣಮೃಗ, ಮೊಲ, ಇಲಿ. ಕೃಷ್ಣಮೃಗ ಹೋದ ಕಡೆಯೆಲ್ಲ ಅದು ಕುರಿಯನ್ನೇ ನಂಬಿತು. 2021ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇದು ಲೋಕದ ತೋಳಗಳಲ್ಲೇ ಅತಿ ಪ್ರಾಚೀನ ಕವಲುಗಳಲ್ಲಿ ಒಂದೆಂದು ತೋರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲೇ, ತೋಳದ ಹೆಸರೂ ಇದೆ. ದೇಶದಲ್ಲಿ ಇರುವ ತೋಳಗಳು ಸುಮಾರು 3,000 ಎಂಬುದು ಈಚಿನ ಅಂದಾಜು. ಹುಲಿಗಳು 2022ರ ಗಣತಿಯ ಅಂದಾಜಿನಲ್ಲಿ 3,682. ಹುಲಿಗಿಂತ ತೋಳವೇ ಕಡಿಮೆ.

ಹುಲಿಗೆ ಕಾಡು ಮೀಸಲಾಯಿತು, ತೋಳಕ್ಕೆ ಮೀಸಲಿಟ್ಟ ನೆಲ ಬೆರಳೆಣಿಕೆಯಷ್ಟು. ಜಾರ್ಖಂಡಿನ ಮಹುವಾಡಾಂಡ್‌ನಲ್ಲಿ 1976ರಲ್ಲಿ ಒಂದು ಅಭಯಾರಣ್ಯವಾಯಿತು. ಅದಕ್ಕೂ ಎರಡು ವರ್ಷ ಮೊದಲೇ, 1974ರಲ್ಲಿ, ಮಂಡ್ಯದ ಮೇಲುಕೋಟೆಯ ಸುತ್ತಿನ ಕುರುಚಲು ಕಾಡನ್ನು ತೋಳಗಳನ್ನು ಮನಸ್ಸಿನಲ್ಲಿಟ್ಟು ಅಭಯಾರಣ್ಯ ಮಾಡಿದ್ದರು. ಈಗ ಮೇಲುಕೋಟೆಗೆ ಹೋಗುವವರು ಚೆಲುವನಾರಾಯಣನನ್ನು ನೋಡಿ ಪುಳಿಯೋಗರೆ ತಿಂದು ಬರುತ್ತಾರೆ, ತೋಳ ಕಂಡೆನೆಂದವರನ್ನು ನಾನು ಕಾಣೆ. ಈಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ತೋಳಗಳಿಗೆಂದು ಮೀಸಲಾಗಿದೆ. 2025ರಲ್ಲಿ ಅಲ್ಲಿ ಎಂಟು ಮರಿಗಳು ಹುಟ್ಟಿದ ಸುದ್ದಿ ಓದಿ ನನಗೆ ಮೊಮ್ಮಕ್ಕಳು ಹುಟ್ಟಿದಷ್ಟು ಸಂತೋಷವಾಯಿತು. ಬಂಕಾಪುರದ ಸುತ್ತಲೂ ಕುರಿ ಮೇಯಿಸುವವರಿದ್ದಾರೆ. ಆ ಮರಿಗಳು ಬೆಳೆದು ಬೇಲಿಯಿಲ್ಲದ ಬಯಲಿಗೆ ಬಂದಾಗ ಅವುಗಳ ಆಯುಸ್ಸು ನಿಂತಿರುವುದು ಆ ಕುರಿಯವರ ಮನಸ್ಸಿನ ಮೇಲೆ.

ನಮ್ಮ ಕಡೆ ತೋಳ ಹೋಯಿತು. ಯಾವಾಗ ಹೋಯಿತು ಎಂದು ಯಾರೂ ಬರೆದಿಡಲಿಲ್ಲ. ಹೇಗೆ ಹೋಯಿತು ಎಂಬುದು ಮಾತ್ರ ಕಣ್ಣ ಮುಂದೆ ನಡೆದದ್ದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ ಜಿಲ್ಲೆಯ ಬೀಳುಗಳಿಗೆ, ಹೊಲಗಳಿಗೆ, ಕೆರೆ ಅಂಗಳಗಳಿಗೂ ನೀಲಗಿರಿ ಬಂತು. ನೀಲಗಿರಿಯ ಕೆಳಗೆ ಹುಲ್ಲು ಏಳುವುದಿಲ್ಲ, ಹುಲ್ಲಿಲ್ಲದ ಕಡೆ ಮೊಲವಿಲ್ಲ, ಕುರಿಗೂ ಮೇವಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರಿನ ಮೇವು ಕಳೆದುಹೋಗಿತ್ತು. ಆಮೇಲೆ ಗೋಮಾಳ. ಭೂಕಂದಾಯ ನಿಯಮದಂತೆ ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಈ ನಿಯಮ 1966ರದ್ದು. ಪಹಣಿಯಲ್ಲಿ ಗೋಮಾಳ ಎಂದಿರುವ ಎಷ್ಟೋ ಜಾಗ ಇಂದು ಸೈಟು, ಶೆಡ್ಡು, ಮಾವಿನ ತೋಪು. ಜಾನುವಾರು ಕಡಿಮೆಯಾಗಿವೆ, ಹೆಚ್ಚುವರಿ ಗೋಮಾಳ ಇದೆ ಎಂದು ತೋರಿಸಿ ಜಮೀನು ಕೊಡುವುದು ಸುಲಭ. ಮೇವಿಲ್ಲದೆ ಜಾನುವಾರು ಕಡಿಮೆಯಾದವು ಎಂಬುದನ್ನು ಯಾವ ಕಡತವೂ ಹೇಳುವುದಿಲ್ಲ.

ಈಗ ವೇಮಗಲ್, ನರಸಾಪುರದ ಹೊಲಗಳಲ್ಲಿ ಕೈಗಾರಿಕೆಗಳಿವೆ. ಹೆಲಿಕಾಪ್ಟರ್ ಜೋಡಿಸುವ ಘಟಕವೂ ವೇಮಗಲ್ಲಿಗೇ ಬಂದಿದೆ. ನಮ್ಮ ಮಕ್ಕಳಿಗೆ ಸಂಬಳ ಸಿಗುತ್ತಿದೆ, ಅದನ್ನು ನಾನು ಹಗುರವಾಗಿ ನೋಡಲಾರೆ. ಕುರಿ ಕಾದು ಕಾದು ಕಾಲು ಸವೆಸಿದ ತಂದೆಗೆ ಮಗ ಬೂಟು ಹಾಕಿಕೊಂಡು ಬಸ್ಸು ಹತ್ತುವುದು ಸಣ್ಣ ಸಂತೋಷವಲ್ಲ. ಇತ್ತ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಯುತ್ತಿದೆ, ಬತ್ತಿದ ಕೊಳವೆ ಬಾವಿಗಳಿಗೂ ಜೀವ ಬಂತು. ನೀರು ಬಂದ ಕಡೆ ಟೊಮೆಟೊ, ಸೊಪ್ಪು, ಹೂವು, ವರ್ಷವಿಡೀ ಬೆಳೆ. ಬೆಳೆ ಇರುವ ಹೊಲದಲ್ಲಿ ಮಂದೆ ತರುಬಲು ಆಗುವುದಿಲ್ಲ. ಕೆರೆ ತುಂಬಿದ್ದು ಒಳ್ಳೆಯದೇ, ಆದರೆ ಕೆರೆ ಅಂಗಳದಲ್ಲಿ ಮೇಯುತ್ತಿದ್ದ ಕುರಿ ರಸ್ತೆ ಬದಿಗೆ ಬಂತು. ಮಂದೆ ಸಣ್ಣದಾಯಿತು. ಕಾಯಲು ಉಳಿದವರು ಮನೆಯ ಹಿರಿಯರು, ಹೆಂಗಸರು. ರಾತ್ರಿ ದೊಡ್ಡಿಯ ಪಕ್ಕ ಮಲಗಬೇಕಾದ ಹುಡುಗ ರಾತ್ರಿ ಪಾಳಿಯಲ್ಲಿರುತ್ತಾನೆ.

ತೋಳ ಹೋದ ಜಾಗಕ್ಕೆ ಎರಡು ಬಂದವು. ಒಂದು ಚಿರತೆ, ಅದು ಮೊದಲೂ ಇತ್ತು. ಅಂತರಗಂಗೆಯ ಶತಶೃಂಗ ಬೆಟ್ಟಸಾಲು, ಅದರ ಆಚೀಚಿನ ಬಂಡೆ ಗುಡ್ಡಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಂಡೆ ಸಂದಿಯಲ್ಲಿ ಹಗಲು ಕಳೆದು ಸಂಜೆ ಇಳಿದು ಬರುತ್ತದೆ. ತೋಳ ಬಯಲಲ್ಲಿ ಬದುಕಿ ಕಣ್ಣಿಗೆ ಬೀಳುವಂಥದ್ದು, ಚಿರತೆ ಕಾಣಿಸದೆ ಬದುಕುವಂಥದ್ದು. ಕುರಿಯವರು ಚಿರತೆಗೆ ಪಾಲು ಎಂಬ ಮಾತು ಆಡಿದ್ದನ್ನು ನಾನು ಕೇಳಿಲ್ಲ. ತೋಳದ ಜೊತೆ ಇದ್ದ ಸಲಿಗೆ ಇದರ ಜೊತೆ ಇಲ್ಲ, ಇದರದು ಭಯ. 2022ರ ಕೊನೆಯಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲೂಕಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದ ಸುದ್ದಿ ಬಂದಾಗ ನಮ್ಮ ಹೋಬಳಿಯಲ್ಲೂ ಸಂಜೆ ಆರಕ್ಕೇ ಬಾಗಿಲು ಹಾಕುತ್ತಿದ್ದರು.

ಭಯ ಬಂದ ಕೂಡಲೇ ಕೇಳುವುದು ಬೋನು. ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟರೆ ಊರು ನಿಶ್ಚಿಂತೆ ಎಂದು ಜನ ನಂಬುತ್ತಾರೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲಿ ಹೀಗೆ ಹತ್ತಾರು ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟರು. ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಅದನ್ನು ಅಭ್ಯಾಸ ಮಾಡಿದಾಗ ಕಂಡದ್ದು, ಬಿಟ್ಟ ಜಾಗದ ಹತ್ತಿರ ಮನುಷ್ಯರ ಮೇಲಿನ ದಾಳಿ ಹೆಚ್ಚಿತ್ತು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಚಿರತೆಗೆ ಬೇಟೆಯ ಜಾಗ ಗೊತ್ತಿಲ್ಲ, ಅಡಗುವ ಜಾಗ ಗೊತ್ತಿಲ್ಲ. ಇತ್ತ ಖಾಲಿಯಾದ ಗುಡ್ಡಕ್ಕೆ ಇನ್ನೊಂದು ಚಿರತೆ ಬರುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಬಿಡುಗಡೆ ಮಾಡಿದ ವರದಿಯಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಅಷ್ಟಕ್ಕೂ ಬೋನು ಎಲ್ಲಿಂದ ತರುವುದು? ದೊಡ್ಡಿಗೆ ಮೇಲುಗಡೆ ಬಲೆ ಹಾಕುವುದು ಬೋನಿಗಿಂತ ಅಗ್ಗ. ಚಿರತೆ ಹತ್ತುವ ಪ್ರಾಣಿ, ತೋಳಕ್ಕೆ ಸಾಕಾಗುತ್ತಿದ್ದ ಮುಳ್ಳು ಬೇಲಿ ಇದಕ್ಕೆ ಸಾಲದು. ಮೇಲೆ ಮುಚ್ಚದ ದೊಡ್ಡಿ ಚಿರತೆಗೆ ತೆರೆದ ಬಾಗಿಲೇ ಸರಿ. ಇದನ್ನು ಊರೂರಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ತೋಳದ ಜಾಗಕ್ಕೆ ಬಂದ ಎರಡನೆಯದು ನಾಯಿ. ಹೆದ್ದಾರಿ ಬದಿಯ ಕೋಳಿ ಅಂಗಡಿಗಳ ತ್ಯಾಜ್ಯ, ಊರ ಹೊರಗಿನ ಕಸದ ಗುಡ್ಡೆ, ಇವುಗಳ ಸುತ್ತ ಹಿಂಡು ಕಟ್ಟಿದ ನಾಯಿಗಳು. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ನೋಡಿದ ಕಚ್ಚುಗಳಲ್ಲಿ ಹೆಚ್ಚಿನವು ಇವುಗಳದ್ದೇ. "ನಾಯಿ ಅಂತ ಬರೀಬೇಡಿ ಡಾಕ್ಟ್ರೇ, ಚಿರತೆ ಅಂತ ಬರೀರಿ. ನಾಯಿ ಅಂದ್ರೆ ಒಂದು ಪೈಸಾನೂ ಬರಲ್ಲ" ಎಂದು ಕೈ ಹಿಡಿದುಕೊಂಡವರಿದ್ದಾರೆ. ಅರಣ್ಯ ಇಲಾಖೆಯ ಪರಿಹಾರ ಕಾಡುಪ್ರಾಣಿ ಕೊಂದರೆ ಮಾತ್ರ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಾಗಿತ್ತು, ಬರೆದೆವು. ಆದರೆ ಆ ಮನುಷ್ಯ ಕೇಳಿದ್ದರಲ್ಲಿ ಒಂದು ನ್ಯಾಯ ಇತ್ತು: ಸತ್ತ ಕುರಿಗೆ ಕೊಂದವರು ಯಾರಾದರೇನು? ಪಶುಸಂಗೋಪನೆ ಇಲಾಖೆಯ ಅನುಗ್ರಹ ಯೋಜನೆ ಅಕಸ್ಮಾತ್ ಸತ್ತ ಕುರಿ ಮೇಕೆಗೆ ನೆರವು ಕೊಡುತ್ತದೆ. ಆರು ತಿಂಗಳು ದಾಟಿದ ಕುರಿಗೆ 5,000 ರೂಪಾಯಿ ಇದ್ದುದನ್ನು 2025–26ರ ಬಜೆಟ್ 7,500ಕ್ಕೆ ಏರಿಸಿತು. ಬೆಳೆದ ಕುರಿಗೆ ಪೇಟೆಯಲ್ಲಿ ಇದಕ್ಕಿಂತ ಹೆಚ್ಚು ಬೆಲೆ ಇದೆ, ಆದರೂ ಬಂದ ದುಡ್ಡು ಬೇಗ ಬಂದರೆ ಕೋಪ ಇಳಿಯುತ್ತದೆ. ತಡವಾದರೆ ಅದೇ ದುಡ್ಡು ಕೋಪವನ್ನು ಇಳಿಸುವುದಿಲ್ಲ. ನಾಯಿ ಮಾಡಿದ್ದಕ್ಕೆ ಚಿರತೆ ಮೇಲೆ ದೂರು ಬಿದ್ದಾಗಲಂತೂ ಊರಿನ ಕಣ್ಣಲ್ಲಿ ಚಿರತೆ ಇರುವುದಕ್ಕಿಂತ ನಾಲ್ಕು ಪಾಲು ದೊಡ್ಡದಾಗುತ್ತದೆ. ಸುಳ್ಳು ದೂರಿನ ಬೆಲೆಯನ್ನು ಕೊನೆಗೆ ಆ ಪ್ರಾಣಿ ತೆರುತ್ತದೆ. ತೋಳ ಇರುವ ಕಡೆಗಳಲ್ಲಿ ಈ ನಾಯಿಗಳಿಂದ ಇನ್ನೂ ಒಂದು ಕೆಡುಕು. ಇವು ತೋಳಗಳೊಂದಿಗೆ ಕೂಡಿ ಬೆರಕೆ ಮರಿಗಳು ಹುಟ್ಟಿರುವುದು ಪುಣೆಯ ಸುತ್ತ ಕಂಡುಬಂದಿದೆ.

ಈಗ ವಿಷದ ಮಾತು. 2025ರ ಜೂನ್ 26ರಂದು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಒಂದು ಹಸುವನ್ನು ಕೊಂದಿತ್ತು. ಆ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಮರಳಿ ಬಂದು ತಿಂದ ಐದೂ ಸತ್ತವು. ಹಸುವಿನ ಕಡೆಯವರೂ ಸೇರಿ ಮೂವರ ಬಂಧನವಾಯಿತು. ಆ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ. ಸತ್ತ ಹುಲಿಗಳಿಗಾಗಿ ಮಾತ್ರವೂ ಅಲ್ಲ.

ಅದು ಯಾವ ಬೆಟ್ಟ ಎಂಬುದನ್ನು ಯೋಚಿಸಿ. ಹುಲಿಯ ಮೇಲೆ ಕೂತ ಮಾದಪ್ಪನ ಬೆಟ್ಟ. ಆ ಸೀಮೆಯ ದನಗಾಹಿಗಳ ಮನೆಗಳಲ್ಲಿ ಹುಲಿವಾಹನನ ಪಟವಿಲ್ಲದ ಗೋಡೆಯೇ ಅಪರೂಪ. ಮಹಾರಾಷ್ಟ್ರದ ವಾರ್ಲಿಗಳು ವಾಘೋಬಾ ಎಂದು ದೊಡ್ಡ ಬೆಕ್ಕುಗಳನ್ನು ಪೂಜಿಸುತ್ತಾರೆ, ಉತ್ತರ ಕನ್ನಡದಲ್ಲಿ ಹುಲಿದೇವರ ಕಟ್ಟೆಗಳಿವೆ. ಭಕ್ತಿ ಸುಳ್ಳಲ್ಲ. ಅದು ಮನುಷ್ಯನ ಕೈಯನ್ನು ಬಹಳ ಸಲ ತಡೆದಿದೆ. ಆದರೆ ಭಕ್ತಿಯೊಂದನ್ನೇ ನಂಬಿ ನಾವು ದೂರದಲ್ಲಿ ಕೂತಿರಲು ಆಗುವುದಿಲ್ಲ. ಮನೆಯ ಹಾಲು ಕೊಡುವ ಹಸು ಹೋಗಿ, ದೂರಿಗೆ ಯಾರೂ ಬರದೆ, ಬಂದರೂ ಕಾಡಿಗೇಕೆ ಬಿಟ್ಟೆ ಎಂದು ಗದರಿಸಿದರೆ, ಮಾದಪ್ಪನ ಒಕ್ಕಲಿನ ಮನಸ್ಸೂ ಕಹಿಯಾಗುತ್ತದೆ. ಕಾಡು ಕಾಯುವ ಹೊರಗುತ್ತಿಗೆಯವರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ ಎಂದೂ ಆಗ ಪತ್ರಿಕೆಗಳಲ್ಲಿ ಬಂತು. ಘಟನೆಯ ನಂತರ ಕಾಡಿನಲ್ಲಿ ದನ ಮೇಯಿಸುವುದನ್ನೇ ತಡೆಯುವ ಸೂಚನೆ ಸರ್ಕಾರದಿಂದ ಹೊರಟಿತು, ಅದಕ್ಕೆ ರೈತರ ವಿರೋಧವೂ ಎದ್ದಿತು. ಹುಲಿಯ ಕಾಡಿನ ನಡುವೆ ಸಾವಿರಾರು ದನ ಇರಬಾರದು ಎಂಬ ಮಾತನ್ನು ನಾನು ಒಪ್ಪುತ್ತೇನೆ. ದನಕ್ಕೆ ಹರಡುವ ರೋಗ ಕಾಟಿ, ಜಿಂಕೆಗೂ ಹರಡಬಹುದು, ಅದನ್ನು ನನ್ನ ಕಸುಬು ಕಲಿಸಿದೆ. ಆದರೆ ಮೇವಿಗೆ ಬೇರೆ ದಾರಿ ತೋರಿಸದೆ ಬೇಲಿ ಮಾತ್ರ ಹಾಕಿದರೆ ಆ ಕಹಿ ಇನ್ನೂ ಒಳಗಿಳಿಯುತ್ತದೆ.

ವಿಷವನ್ನು ನಾನು ಬೇರೆ ಎಲ್ಲ ಹೊಡೆತಗಳಿಂದ ಬೇರೆಯಾಗಿ ನೋಡುತ್ತೇನೆ. ಕಲ್ಲು ಬೀರಿದವನು ಎದುರಿಗೆ ನಿಂತು ಬೀರಿದ. ತೋಳಕ್ಕೂ ಓಡಲು ಒಂದು ಅವಕಾಶ ಇತ್ತು. ಹೊಲಕ್ಕೆ ಹೊಡೆಯುವ ಔಷಧಿ ಎಲ್ಲ ಗೊಬ್ಬರದಂಗಡಿಯಲ್ಲೂ ಸಿಗುತ್ತದೆ, ಒಂದು ಮುಚ್ಚಳದಷ್ಟನ್ನು ಸತ್ತ ಕುರಿಯ ಮೇಲೆ ಸುರಿದರೆ ಸಾಕು. ಅದು ಆ ಒಂದು ಪ್ರಾಣಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ನರಿ ತಿನ್ನುತ್ತದೆ, ಕಾಗೆ ಹದ್ದು ತಿನ್ನುತ್ತವೆ, ಕೊನೆಗೆ ಹಾಕಿದವನ ಮನೆಯ ನಾಯಿಯೇ ತಿನ್ನುತ್ತದೆ. ವಿಷ ತಿಂದ ಮಂದೆ ನಾಯಿಗಳಿಗೆ ಅಟ್ರೋಪಿನ್ ಚುಚ್ಚಿ ರಾತ್ರಿ ಕಳೆದಿದ್ದೇನೆ. ಬಾಯಲ್ಲಿ ನೊರೆ, ಕಾಲು ಸೆಳೆತ, ಕಣ್ಣು ಮಾತ್ರ ಯಜಮಾನನ ಕಡೆಗೇ ಇರುತ್ತದೆ. ಉಳಿದದ್ದು ಕಡಿಮೆ. ನಾಯಿ ಸತ್ತ ಮಂದೆಗೆ ಮುಂದಿನ ವಾರ ಇನ್ನೊಂದು ಚಿರತೆ ಬರುತ್ತದೆ, ಬೊಗಳಲು ಯಾರೂ ಇರುವುದಿಲ್ಲ.

ದೂರದ ಲಡಾಖಿನ ಒಂದು ಸಂಗತಿಯನ್ನು ನಮ್ಮ ಕುರಿಯವರಿಗೆ ನಾನು ಆಗಾಗ ಹೇಳುತ್ತೇನೆ. ಅಲ್ಲಿಯ ಪಶುಪಾಲಕರು ತೋಳ ಹಿಡಿಯಲು ಶಾಂಗ್‌ಡೋಂಗ್ ಎಂಬ ಕಲ್ಲಿನ ಗುಂಡಿ ಕಟ್ಟುತ್ತಿದ್ದರು. ಗೋಡೆ ಒಳಕ್ಕೆ ವಾಲಿರುತ್ತದೆ. ಒಳಗೆ ಒಂದು ಪ್ರಾಣಿಯನ್ನು ಆಸೆಗೆ ಬಿಡುತ್ತಾರೆ. ಹಾರಿದ ತೋಳ ಮೇಲೆ ಬರಲಾರದು. ಆಮೇಲೆ ಊರವರೆಲ್ಲ ಸೇರಿ ಕಲ್ಲೆಸೆಯುತ್ತಾರೆ. ನಮ್ಮ ಗಾದೆಯ ಹಳ್ಳವೇ ಅದು, ಎರಡು ಸಾವಿರ ಕಿಲೋಮೀಟರ್ ಆಚೆ. 2018ರಲ್ಲಿ ಚುಶೂಲ್ ಊರಿನವರು ತಮ್ಮ ಇಂಥ ಗುಂಡಿಗಳ ಗೋಡೆಯನ್ನು ಒಡೆದು ತೋಳ ಹೊರಬರಲು ದಾರಿ ಮಾಡಿಟ್ಟರು. ಗುಂಡಿಯನ್ನು ಮುಚ್ಚಿಹಾಕಲಿಲ್ಲ, ಅಜ್ಜಂದಿರು ಕಟ್ಟಿದ್ದು ಎಂದು ಉಳಿಸಿಕೊಂಡರು. ಪಕ್ಕದಲ್ಲಿ ಒಂದು ಸ್ತೂಪ ಕಟ್ಟಿದರು. ಇದು ಒಂದು ಭಾಷಣದಿಂದ ಆದದ್ದಲ್ಲ. ವನ್ಯಜೀವಿ ಕಾರ್ಯಕರ್ತರು ವರ್ಷಗಟ್ಟಲೆ ಊರಲ್ಲಿ ಕೂತು ಮಾತಾಡಿದ್ದರು, ತೋಳ ನುಗ್ಗದ ದೊಡ್ಡಿ ಕಟ್ಟಲು ನೆರವಾಗಿದ್ದರು. ಮೊದಲು ದೊಡ್ಡಿ ಗಟ್ಟಿಯಾಯಿತು, ಆಮೇಲೆ ಮನಸ್ಸು ಮೆತ್ತಗಾಯಿತು. ಈ ಕ್ರಮವನ್ನು ನಮ್ಮ ಸರ್ಕಾರವೂ ನಮ್ಮ ಪರಿಸರಪ್ರೇಮಿಗಳೂ ತಿಳಿದುಕೊಳ್ಳಬೇಕು. ಮೊದಲು ಉಪದೇಶ ಮಾಡಿ, ದೊಡ್ಡಿಯನ್ನು ಕುರಿಯವನ ಪಾಡಿಗೆ ಬಿಟ್ಟರೆ ಯಾರ ಮನಸ್ಸೂ ಬದಲಾಗದು.

ಕುರುಬರಿಗೆ ಉಣ್ಣೆಯ ಸೊಸೈಟಿ ಇದೆ, ಸಾಲದ ಯೋಜನೆ ಇದೆ, ರೋಗಕ್ಕೆ ಲಸಿಕೆ ಇದೆ. ದೊಡ್ಡಿಯ ಮೇಲಿನ ಬಲೆಗೆ ಒಂದು ಯೋಜನೆ ಬೇಕು. ಪ್ರತಿ ಹೋಬಳಿಯಲ್ಲಿ ಉಳಿದ ಗೋಮಾಳವನ್ನು ಅಳೆದು, ಕಲ್ಲು ನೆಟ್ಟು, ಅದರ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಹಾಕಬೇಕು. ಕೋಳಿ ತ್ಯಾಜ್ಯವನ್ನು ರಸ್ತೆ ಬದಿಗೆ ಸುರಿಯುವುದನ್ನು ಪಂಚಾಯಿತಿ ನಿಲ್ಲಿಸಬೇಕು. ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಊರ ಕೊನೆಯ ಕಸದ ಗುಡ್ಡೆಯವರೆಗೂ ತಲುಪಬೇಕು. ಹೊಲಕ್ಕೆ ಸಾಲ ಕೊಡುವ ಬ್ಯಾಂಕಿನವರು ಮಂದೆ ನಾಯಿಯನ್ನು ಬಂಡವಾಳ ಎಂದು ಒಪ್ಪುವುದಿಲ್ಲ, ಆದರೆ ಕುರಿ ಸಾಕಿದವರು ಯಾರನ್ನಾದರೂ ಕೇಳಿ, ಒಳ್ಳೆಯ ನಾಯಿಗೆ ಎಷ್ಟು ಟಗರು ಸಮ ಎಂದು ಹೇಳುತ್ತಾರೆ.

ಕುರಿ ಸಾಕುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನನ್ನ ಕೋರಿಕೆ ಇಷ್ಟು. ಬೆಳಿಗ್ಗೆ ದೊಡ್ಡಿಯಲ್ಲಿ ಸತ್ತ ಕುರಿ ಕಂಡರೆ ಅದನ್ನು ಎಳೆದು ಹಾಕಬೇಡಿ, ತೊಳೆಯಬೇಡಿ, ಚರ್ಮ ಸುಲಿಯಬೇಡಿ. ಸುತ್ತಲಿನ ಹೆಜ್ಜೆ ತುಳಿಯದಂತೆ ಒಬ್ಬರನ್ನು ನಿಲ್ಲಿಸಿ. ಕುತ್ತಿಗೆ, ಹಿಂಗಾಲು, ನೆಲದ ಹೆಜ್ಜೆ ಎಲ್ಲ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಿವಿಯೋಲೆ ಇದ್ದರೆ ಅದರ ಸಂಖ್ಯೆಯೂ ಫೋಟೋದಲ್ಲಿ ಬರಲಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶು ಚಿಕಿತ್ಸೆಗೆ 1962. ಎರಡಕ್ಕೂ ಅದೇ ದಿನ ಕರೆ ಮಾಡಿ, ಕರೆ ಮಾಡಿದ ಹೊತ್ತು ಬರೆದಿಟ್ಟುಕೊಳ್ಳಿ. ನೋಡಲು ಯಾರೂ ಬರದಿದ್ದರೆ ಮರುದಿನ ಮತ್ತೆ ಮಾಡಿ, ಗ್ರಾಮ ಪಂಚಾಯಿತಿಗೂ ಬರೆದು ಕೊಡಿ. ಏನೇ ಆಗಲಿ, ಸತ್ತ ಕುರಿಯ ಮೇಲೆ ಔಷಧಿ ಸುರಿಯಬೇಡಿ.